ಚೀಲದ ಮೇಲಿನ ಹೆಸರು, ಫೈಲಿನ ಮೇಲಿನ ಹೆಸರು

ಫೈಲ್ ಮೇಲೆ ಎರಡು ಸಲ ಕ್ಲಿಕ್ ಮಾಡಿದೆ. ಈ ಚಿತ್ರ ತೆರೆಯಲು ಆಗುತ್ತಿಲ್ಲ ಎಂದಿತು ಕಂಪ್ಯೂಟರ್.

ಚಿತ್ರ ಯಾರಿಗೆ ಬೇಕಿತ್ತು? ನನಗೆ ಬೇಕಿದ್ದದ್ದು ಕಾಫಿಯಲ್ಲಿ ಕಪ್ಪು ಬೀಜ ಆರಿಸುವ ಮೆಷಿನ್ನಿನ ಪ್ರೋಗ್ರಾಂ.

ಆನೇಮಹಲ್‌ನ ಕಾಫಿ ಗೋದಾಮಿನಲ್ಲಿ ಆ ಮೆಷಿನ್ ಓಡಿಸುವುದೇ ನನ್ನ ಕೆಲಸ. ಮಧ್ಯಾಹ್ನ ಅದರ ಪ್ರೋಗ್ರಾಂ ಕೆಟ್ಟಿತ್ತು. ಹಾಸನದ ಮೆಕ್ಯಾನಿಕ್ ಹೊಸದನ್ನು ಮೇಲ್ ಮಾಡಿದ್ದ... ಪ್ರೋಗ್ರಾಂ ಅಂದರೆ ಮೇಲ್ ತಡೆಯುತ್ತದೆಂದು ಫೋಟೋದ ಹೆಸರಿಟ್ಟು!

ಪಕ್ಕದ ಸ್ಟೂಲ್ ಮೇಲೆ ಕುಂದೂರಿನ ಗಿರಿಜಮ್ಮ. ಮೊದಲ ಸಲ ತಮ್ಮ ಕಾಫಿಯನ್ನು ಸ್ಪರ್ಧೆಗೆ ಕಳಿಸುತ್ತಿದ್ದರು. ನಾಲ್ಕು ಗಂಟೆಯ ಬಸ್ಸಿಗೆ ಚೀಲ ಹೋಗದಿದ್ದರೆ ಈ ವರ್ಷ ಸ್ಪರ್ಧೆ ಇಲ್ಲ. ಆಗಲೇ ಮೂರಾಗಿತ್ತು.

"ಆಗ್ದಿದ್ರೆ ಹೇಳ್ಬುಡವ್ವ, ಕೈಯಲ್ಲೇ ಆರಿಸ್ತೀನಿ" ಅಂದರು. ಇಡೀ ಒಂದು ಚೀಲ!

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಕ್ಲಿಕ್ ಮಾಡ್ಬೇಡ ಮಾರಾಯ್ತಿ, ಕ್ಲಿಕ್ ಮಾಡಿದ್ರೆ ಫೋಟೋ ತೋರ್ಸೋ ಪ್ರೋಗ್ರಾಂ ತೆರೀತೈತೆ, ಅದು ಹೆಸ್ರು ನೋಡಿ ಮೋಸ ಹೋಗ್ತೈತೆ. ಓಡಿಸೋ ಪರ್ಮಿಷನ್ ಕೊಟ್ಟು, ನೇರ ಲಿನಕ್ಸ್‌ಗೇ ಹೇಳು."

ಕಂಪ್ಯೂಟರನ್ನು ಒಳಗಿಂದ ನಡೆಸುವ ಆ ಲಿನಕ್ಸ್‌ಗೆ ಅವನು ಹೇಳಿದಂತೆ ಟೈಪ್ ಮಾಡಿದೆ. ಫೋಟೋದ ಹೆಸರು ಹಾಗೇ ಇತ್ತು. ಎಂಟರ್ ಒತ್ತಿದೆ...

ಭುಸ್ಸೆಂದು ಗಾಳಿ ಬಂತು. ಮೆಷಿನ್ ಓಡುತ್ತಿದೆ! ಗಿರಿಜಮ್ಮನ ಕಾಫಿಯಿಂದ ಅಲ್ಲೊಂದು ಇಲ್ಲೊಂದು ಕಪ್ಪು ಬೀಜ ಆಚೆ ಹಾರುತ್ತಿದೆ, ಉಳಿದದ್ದೆಲ್ಲ ಒಳ್ಳೆ ಬೀಜ!

ಹೇಗೆ ಅಂತ ಫೋನಿನಲ್ಲೇ ಮೆಕ್ಯಾನಿಕ್‌ನನ್ನು ಕೇಳಿದೆ. ಲಿನಕ್ಸ್ ಹೆಸರನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಂತೆ. ಫೈಲಿನೊಳಗಿನ ಮೊದಲ ನಾಲ್ಕು ಬೈಟ್ ಓದುತ್ತದೆ: ಒಂದು ಗುರುತಿನ ಸಂಖ್ಯೆ, ಆಮೇಲೆ ಇ, ಎಲ್, ಎಫ್. ಅದಿದ್ದರೆ ಪ್ರೋಗ್ರಾಂ.

ಯಾವ ತುಂಡನ್ನು ಮೆಮೊರಿಯಲ್ಲಿ ಎಲ್ಲಿಡಬೇಕು, ಎಲ್ಲಿಂದ ಶುರು ಮಾಡಬೇಕು ಅನ್ನುವುದೂ ಅದರ ಬೆನ್ನಿಗೇ ಬರೆದಿರುತ್ತದಂತೆ. ಇಷ್ಟು ವರ್ಷ ಇದರ ಮುಂದೆ ಕೂತು ಇದು ಗೊತ್ತಿರಲಿಲ್ಲ. ಮೈ ಜುಮ್ಮೆಂದಿತು.

ಪಕ್ಕದಲ್ಲೇ ನಿಂತು ಕೇಳುತ್ತಿದ್ದ ನಮ್ಮ ಗೋದಾಮಿನ ಇಬ್ರಾಹಿಂ ಸಾಬರು ನಕ್ಕರು. ಬಂದ ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ, ಹಿಡಿ ಬೀಜ ತೆಗೆದು ನೋಡುವುದು ಅವರ ಕೆಲಸ.

"ಅದ್ರಲ್ಲಿ ಆಶ್ಚರ್ಯ ಏನೈತಮ್ಮ? ಚೀಲದ ಮೇಲಿನ ಬರಹ ನಂಬಿ ನಾನು ಯಾವತ್ತಾದ್ರೂ ಮಾಲು ಇಳಿಸ್ಕೊಂಡಿದ್ದೀನಾ?"

ನನ್ನ ಮುಖ ಸಪ್ಪಗಾಯಿತು.

ಗಿರಿಜಮ್ಮ ಬಂದದ್ದು ಬೆಳಿಗ್ಗೆ ಒಂಬತ್ತಕ್ಕೇ. ಎಲ್ಲರಂತೆ ಅವರೂ ಯಾವುದೋ ಎಸ್ಟೇಟಿನ ಹಳೇ ಚೀಲದಲ್ಲೇ ತುಂಬಿ ತಂದಿದ್ದರು. ಅದರ ಮೇಲೆ "ಕಡೇ ದರ್ಜೆ" ಎಂಬ ಮುದ್ರೆಯಿತ್ತು. ಸಾಬರು ಇನ್ನೂ ಬಂದಿರಲಿಲ್ಲ. ಮುದ್ರೆ ಓದಿ, ಒಂದು ಮಾತೂ ಕೇಳದೆ, ಚೀಲವನ್ನು ಸಾಲಿನ ಕೊನೆಗೆ ತಳ್ಳಿದವಳು ನಾನೇ. ಇಲ್ಲದಿದ್ದರೆ ಮೆಷಿನ್ ಕೆಡುವ ಮೊದಲೇ ಅವರ ಸರದಿ ಮುಗಿದಿರುತ್ತಿತ್ತು.

ಬಸ್ಸು ಹೊರಡಲು ಐದು ನಿಮಿಷವಿದ್ದಾಗ ಚೀಲ ಹತ್ತಿಸಿದೆವು. ತಪ್ಪಾಯಿತು ಅಂದೆ.

"ಬುಡವ್ವ. ಒಂದ್ಸಲ ಒಳಗೆ ಕೈ ಹಾಕಿ ನೋಡ್ತೀಯ ಅಂತ ಕಾಯ್ತಾ ಕೂತಿದ್ದೆ ಕಣವ್ವ" ಅಂದರು ಗಿರಿಜಮ್ಮ.

ಒಳಗೇನಿದೆ ಅಂತ ನೋಡಲು ಆ ಲಿನಕ್ಸ್‌ಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕಾಯಿತು... ನನಗೆ ಆರು ಗಂಟೆ ಬೇಕಾಯಿತು.