ಗೋಡೆಯಾಚೆಯ ಶನಿವಾರದ ಓದು

ದೆವ್ವ, ಗಾಳಿ, ಕನಸಿನಲ್ಲಿ ಬಂದು ಮಾತಾಡುವ ಹಿರಿಯರು, ಇವನ್ನೆಲ್ಲ ನಂಬುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಮೂವತ್ತೊಂದು ವರ್ಷ ಶಾಲೆಯಲ್ಲಿ ಕನ್ನಡ ಕಲಿಸಿದವನು ನಾನು. ಕುರ್ತಕೋಟಿಯಲ್ಲಿದ್ದಾಗ ಯಾರದೋ ಮೈಮೇಲೆ ದೇವರು ಬಂತೆಂದು ಮಕ್ಕಳ ಸಮೇತ ಊರೆಲ್ಲ ಓಡಿದರೆ, ಹಾಜರಿ ಪುಸ್ತಕ ಹಿಡಿದುಕೊಂಡು ಖಾಲಿ ಕೋಣೆಯಲ್ಲಿ ಕೂತವನು. ಈಗ ನಾನೇ ಇಂಥದೊಂದನ್ನು ಬರೆಯಹೊರಟಿದ್ದೇನೆ. ನೀವು ನಗಬಹುದು, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ. ಆದರೆ ಇದನ್ನು ಹೇಳಬೇಕೆಂದರೆ ಮೊದಲು ನನ್ನ ಹೊಟ್ಟೆಕಿಚ್ಚನ್ನು ಹೇಳಿಕೊಳ್ಳಬೇಕು. ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ.

ಬೆಟಗೇರಿಯಲ್ಲಿ ನಮ್ಮದು ಪಾಲಾದ ಮನೆ. ಇದ್ದ ಒಂದು ಪಡಸಾಲೆಯ ನಡುವೆ ಗೋಡೆ ಎಬ್ಬಿಸಿ ಈ ಕಡೆ ನಾನು, ಆ ಕಡೆ ನನ್ನ ತಮ್ಮ ಈರಣ್ಣ. ಗೋಡೆ ಕಟ್ಟಿದ ಗೌಂಡಿ ಗಾಳಿಯಾಡಲೆಂದು ಮೇಲೆ ಒಂದು ಕಿಂಡಿ ಬಿಟ್ಟಿದ್ದ. ಅವರ ಮನೆಯ ಒಗ್ಗರಣೆಯ ಘಾಟಿನಿಂದ ಹಿಡಿದು ಜಗಳದವರೆಗೆ ಎಲ್ಲವೂ ಅದರಿಂದ ಇಳಿದು ಬರುತ್ತಿತ್ತು.

ಈರಣ್ಣ ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು. ಹೆಂಡತಿ, ಮಗಳನ್ನು ಇಲ್ಲೇ ಇಟ್ಟು ಮುಂಬೈಗೆ ಹೋಗಿ, ಅಲ್ಲಿ ಮರಾಠಿ ಮಾತಾಡುವ ಒಬ್ಬ ಯಹೂದಿ ಮುದುಕರ ಆರೈಕೆಗೆ ನಿಂತ. ಅವರನ್ನು ಸಾಹೇಬರು ಎನ್ನುತ್ತಿದ್ದ. ಯಹೂದಿಗಳು ತಮ್ಮ ತೋರಾ ಎಂಬ ಗ್ರಂಥವನ್ನು ವಾರಕ್ಕೊಂದು ಪಾಲು ಮಾಡಿಕೊಂಡು ಪ್ರತಿ ಶನಿವಾರ ಓದುತ್ತಾರೆ. ವರ್ಷಕ್ಕೆ ಮುಗಿಸಿ, ಮತ್ತೆ ಮೊದಲಿನಿಂದ ಹಿಡಿಯುತ್ತಾರೆ. ಸಾಹೇಬರ ಕಣ್ಣು ಹೋದ ಮೇಲೆ ಮರಾಠಿಯಲ್ಲಿದ್ದ ಆ ಪುಸ್ತಕವನ್ನು ಓದಿ ಹೇಳುವ ಕೆಲಸ ಈರಣ್ಣನ ಪಾಲಿಗೆ ಬಂತು. ಹನ್ನೊಂದು ವರ್ಷ ಓದಿದ. ಅವರು ತೀರಿಕೊಂಡಾಗ ಮನೆಯವರು ಪುಸ್ತಕವನ್ನು ಇವನಿಗೇ ಕೊಟ್ಟರು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಊರಿಗೆ ಬಂದವನು ಓದನ್ನು ಬಿಡಲಿಲ್ಲ. ಬೆಳಿಗ್ಗೆ ಎದ್ದು ಲಿಂಗಪೂಜೆ ಮಾಡುತ್ತಿದ್ದ, ಹಣೆಗೆ ವಿಭೂತಿ ಹಚ್ಚುತ್ತಿದ್ದ, ಶನಿವಾರ ನಾಲ್ಕು ಗಂಟೆಗೆ ತೋರಾ ತೆಗೆಯುತ್ತಿದ್ದ. ವಾರ ತಪ್ಪಿಸಿದರೆ ಊಟ ಬಿಟ್ಟ ಹಾಗಾಗುತ್ತದೆ ಎನ್ನುತ್ತಿದ್ದ.

ಮೊದಲು ಕೇಳಲು ಕೂತವರು ಇಬ್ಬರು. ಆರು ತಿಂಗಳಲ್ಲಿ ಮೂವತ್ತು ಜನರಾದರು. ಓಣಿಯ ನೇಕಾರ ಹೆಂಗಸರು, ಕಿರಾಣಿ ಅಂಗಡಿಯವನು, ಒಬ್ಬ ನಿವೃತ್ತ ಕಂಡಕ್ಟರು, ಮಗಳ ಮನೆಗೆಂದು ಶಿಗ್ಲಿಯಿಂದ ಬಂದುಹೋಗುವ ಒಬ್ಬ ರೈತ. ಈರಣ್ಣ ಮರಾಠಿಯಲ್ಲಿ ನಾಲ್ಕು ಸಾಲು ಓದುವುದು, ನಮ್ಮ ಮಾತಿನಲ್ಲಿ ಕಥೆ ಹೇಳುವುದು, ಕೊನೆಗೆ ಪ್ರತಿ ವಾರ ಒಂದೇ ಪ್ರಶ್ನೆ ಕೇಳುವುದು: “ಇದು ನಮ್ಮ ಮನ್ಯಾಗ ಎಲ್ಲೈತಿ, ಹೇಳ್ರಿ?” ಅಷ್ಟೇ ಅವನ ಪಾಂಡಿತ್ಯ. ಹೊಲದ ಅಂಚಿನ ಬೆಳೆಯನ್ನು ಬಡವರಿಗೆ ಬಿಡಬೇಕೆಂಬ ಪಾಲು ಬಂದ ವಾರ ಆ ಶಿಗ್ಲಿಯ ರೈತ ಎರಡು ಸಾಲು ಶೇಂಗಾ ಕೀಳದೆ ಬಿಡುತ್ತೇನೆಂದು ಎದ್ದು ನಿಂತು ಹೇಳಿದ. ಏಳನೆಯ ದಿನದ ವಿಶ್ರಾಂತಿಯ ಮಾತು ಕೇಳಿದ ಕಿರಾಣಿಯವನು ಶನಿವಾರ ಸಂಜೆ ಮೊಬೈಲು ಬಂದ್ ಮಾಡಿ ಹೆಂಡತಿಯೊಂದಿಗೆ ಕಟ್ಟೆಯ ಮೇಲೆ ಕೂಡತೊಡಗಿದ. ಬೆಟಗೇರಿಯ ನೇಕಾರರಿಗೆ ಎಲ್ಲಿಯ ಮರುಭೂಮಿ, ಅದರೊಳಗೆ ಜನರನ್ನು ನಡೆಸಿದ ಎಲ್ಲಿಯ ಮೋಶೆ! ಆದರೂ ಕಣ್ಣೊರೆಸಿಕೊಂಡು ಹೊರಗೆ ಬರುತ್ತಿದ್ದರು.

ಇತ್ತ ನನ್ನ ಸೋಮವಾರದ ಪುರಾಣ. ಓಣಿಯ ಮಠದಲ್ಲಿ ಹದಿನೈದು ವರ್ಷದಿಂದ ಹೇಳುತ್ತ ಬಂದವನು ನಾನು. ಒಂದೊಂದು ಪದ ಬಿಡಿಸಿ ಅರ್ಥ ಹೇಳುವುದರಲ್ಲಿ ನನ್ನ ಸಮ ಯಾರೂ ಇಲ್ಲ ಎನ್ನಿಸಿಕೊಂಡವನು. ತುಂಬಿ ಕೂಡುತ್ತಿದ್ದ ಜಾಗದಲ್ಲಿ ಏಳು ಜನ ಉಳಿದರು; ಅವರಲ್ಲಿ ಇಬ್ಬರು ನಿದ್ದೆಗೆ ಬರುವವರು. ಹಿತ್ತಲ ಗಿಡ ಮದ್ದಲ್ಲ ಎಂದು ಮೇಲೆ ನಗುತ್ತಿದ್ದೆ. ಒಳಗೆ ಉರಿಯುತ್ತಿದ್ದೆ. ವ್ಯಾಕರಣ ಬಾರದವನ ಮುಂದೆ ಜನ ಕೈಕಟ್ಟಿ ಕೂಡುವುದೆಂದರೇನು? ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ನನ್ನ ಹೆಂಡತಿ ನೀಲವ್ವ. ಶನಿವಾರ ಮೂರೂವರೆಗೇ ತಲೆ ಬಾಚಿಕೊಂಡು ಆ ಕಡೆ ಹೊರಟುಬಿಡುತ್ತಿದ್ದಳು. ನನ್ನ ಪುರಾಣಕ್ಕೆ ಬಾ ಎಂದರೆ ಅವಳಿಗೆ ಮೊಣಕಾಲು ನೋವು.

ಅವಳು ಅತ್ತ ಹೋದೊಡನೆ ನಾನು ಕಿಂಡಿಯ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರು ಹಿಡಿದು ಕೂಡುತ್ತಿದ್ದೆ. ಪೇಪರು ತಲೆಕೆಳಗಾಗಿದ್ದರೂ ಗೊತ್ತಾಗುತ್ತಿರಲಿಲ್ಲ. ತಮ್ಮನ ತಪ್ಪುಗಳನ್ನು ಎಣಿಸುವುದೇ ನನ್ನ ಕೆಲಸ. ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟು ತಿಂಗಳ ಮೇಲಾಗಿತ್ತು. ಅವರ ಮನೆಯ ಸುದ್ದಿ ನನ್ನ ಮುಂದೆ ಎತ್ತಬಾರದೆಂದು ನೀಲವ್ವನಿಗೂ ಕಟ್ಟಪ್ಪಣೆ ಮಾಡಿದ್ದೆ.

ಆಗಲೇ ಈರಣ್ಣನ ಮಗಳು ಸುಮಾಳಿಗೆ ಮುಂಡರಗಿಯ ಬೀಗತನ ಕೂಡಿಬಂತು. ಅಪ್ಪ ಮುಂಬೈಯಲ್ಲಿದ್ದಾಗ ನನ್ನ ತೊಡೆಯ ಮೇಲೆ ಕೂತು ಅಕ್ಷರ ಕಲಿತ ಹುಡುಗಿ ಅವಳು. ಹುಡುಗ ಒಳ್ಳೆಯವನು, ಅವಳಿಗೂ ಮನಸ್ಸಾಗಿತ್ತು. ನಿಶ್ಚಯಕ್ಕೆ ಮೊದಲು ಹೆಣ್ಣಿನ ಮನೆಯ ಹಿರಿಯನ ಬಾಯಿಂದ ಒಂದು ಮಾತು ಕೇಳುವುದು ನಮ್ಮ ಕಡೆಯ ರೂಢಿ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೂ ಹಿರಿಯ ಹಿರಿಯನೇ. ಒಂದು ಗುರುವಾರ ಹುಡುಗನ ತಂದೆ ಬಸವಂತಪ್ಪನವರು ನನ್ನಲ್ಲಿಗೆ ಬಂದರು. ಚಹಾ ಕುಡಿದು ದನಿ ತಗ್ಗಿಸಿ, “ಮಾಸ್ತರ್ರ, ನಿಮ್ಮ ತಮ್ಮಾರು ಬ್ಯಾರೆ ಧರ್ಮಕ್ಕ ಹೋಗ್ಯಾರಂತ ಖಬರ ಬಂದೈತಿ. ಖರೇನ್ರಿ?” ಎಂದರು.

ಖರೆ ಅಲ್ಲ ಎಂದು ನನಗೆ ಗೊತ್ತಿತ್ತು. ಅಂದು ಬೆಳಿಗ್ಗೆಯೂ ಆ ಕಡೆಯಿಂದ ಪೂಜೆಯ ಗಂಟೆ ಕೇಳಿತ್ತು. ಸುಳ್ಳನ್ನೂ ನಾನು ಹೇಳಲಿಲ್ಲ. ನೆಲ ನೋಡುತ್ತ, “ಅದನ್ನ ನನ್ನ ಬಾಯಿಲೆ ಹೇಳಸಬ್ಯಾಡ್ರಿ” ಎಂದೆ.

ನಮ್ಮ ಕಡೆ ಹಿರಿಯನಾದವನು ಹೀಗೆಂದರೆ ಅದು ಸುಳ್ಳಿಗಿಂತ ಕೆಟ್ಟದ್ದು. ಬೈದರೆ ಸಿಟ್ಟಿನ ಮಾತೆಂದು ಬಿಟ್ಟಾರು. ತಲೆ ತಗ್ಗಿಸಿದರೆ ಮುಗಿಯಿತು. ಬಸವಂತಪ್ಪನವರು ಎದ್ದು ಹೊರಟರು. ಶುಕ್ರವಾರ ಸಂಜೆ ಆ ಕಡೆ ಫೋನು ಬಂತು, ಬೀಗತನ ಬೇಡವೆಂದು. ಕಿಂಡಿಯಿಂದ ಸುಮಾ ಅಳುವುದು ಕೇಳಿಸಿತು. ನನಗೆ ಸಂಕಟವಾಯಿತೆಂದು ಬರೆದರೆ ಚೆಂದ. ಆದರೆ ಮೊದಲು ಆದದ್ದು ಸಂಕಟವಲ್ಲ. ಇನ್ನು ಮುಂದೆ ಆ ಮನೆಗೆ ಓದು ಕೇಳಲು ಯಾರು ಹೋಗುತ್ತಾರೆ ನೋಡೋಣ ಎಂದುಕೊಂಡೆ. ಆಮೇಲೆ ಊಟ ಸೇರಲಿಲ್ಲ.

ಮರುದಿನ ಶನಿವಾರ. ಕಾರ ಹುಣ್ಣಿಮೆಯ ಹಿಂದುಮುಂದಿನ ದಿನಗಳು, ಹೊರಗೆ ಇನ್ನೂ ಚುರುಗುಡುವ ಬಿಸಿಲು. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ನಿಂತಿದ್ದವು. ಯಾರೂ ಬರಲಿಕ್ಕಿಲ್ಲ ಎಂದುಕೊಂಡರೆ ನಾಲ್ಕು ಗಂಟೆಗೆ ಎಂದಿನಂತೆ ಚಪ್ಪಲಿಗಳ ಸದ್ದಾಯಿತು. ನೀಲವ್ವನೂ ಹೋದಳು. ನಾನು ಕಿಂಡಿಯ ಕೆಳಗೆ ಕೂತೆ.

ಓದು ಶುರುವಾಯಿತು. ಈರಣ್ಣನದೇ ದನಿ, ಅವನದೇ ಧಾಟಿ. ಎಂದಿಗಿಂತ ಸ್ವಲ್ಪ ಹತ್ತಿರದಿಂದ ಬಂದಂತೆ ಅನ್ನಿಸಿತು, ಅಷ್ಟೇ. ಮೋಶೆಗೆ ಒಬ್ಬ ಅಕ್ಕನಿದ್ದಳಂತೆ, ಒಬ್ಬ ಅಣ್ಣನಿದ್ದನಂತೆ. ಜನರೆಲ್ಲ ತಮ್ಮನ ಹಿಂದೆ ಹೋಗುವುದನ್ನು ಅವರಿಂದ ನೋಡಲಾಗಲಿಲ್ಲ. ದೇವರು ಅವನೊಬ್ಬನ ಜೊತೆಗೇ ಮಾತಾಡಿದ್ದಾನೇನು, ನಮ್ಮ ಜೊತೆಗೂ ಮಾತಾಡಿಲ್ಲವೇನು ಎಂದು ಅವನ ಮನೆಯ ವಿಷಯ ತೆಗೆದು ಹಿಂದೆ ಆಡಿಕೊಂಡರು. ಅಕ್ಕನ ಮೈ ಬೆಳ್ಳಗಾಗಿ ರೋಗ ಹತ್ತಿತು. ಯಾರ ಬಗ್ಗೆ ಆಡಿಕೊಂಡಿದ್ದಳೋ ಅದೇ ತಮ್ಮ, ಅಕ್ಕನನ್ನು ವಾಸಿ ಮಾಡು ಎಂದು ದೇವರಲ್ಲಿ ಒಂದೇ ಮಾತಿನಲ್ಲಿ ಬೇಡಿಕೊಂಡ. ಏಳು ದಿನ ಅವಳು ಬಿಡಾರದ ಹೊರಗಿರಬೇಕಾಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನಿಜವಾಗಿಯೂ ನನ್ನ ತೋಳು ನೋಡಿಕೊಂಡೆ. ಎಲ್ಲ ತಿಳಿದು ನನ್ನನ್ನೇ ಚುಚ್ಚುತ್ತಿದ್ದಾನೆ ಎಂದು ಸಿಟ್ಟು ಬಂತು. ಅಷ್ಟರಲ್ಲಿ ದನಿ, ಅವಳು ಒಳಗೆ ಬರುವ ತನಕ ಅಷ್ಟು ಸಾವಿರ ಜನ ಒಂದು ಹೆಜ್ಜೆ ಮುಂದಿಡದೆ ಕಾದರು ಎಂದು ಹೇಳಿ ನಿಂತಿತು.  ಆಮೇಲೆ ಮೆಲ್ಲಗೆ, ನನ್ನ ಕಿವಿಯ ಪಕ್ಕದಲ್ಲೇ ಹೇಳಿದ ಹಾಗೆ:

“ಅಣ್ಣ ಬರೂತನಕಾ ಯಾರೂ ಏಳಬ್ಯಾಡ್ರಿ.”

ನನ್ನ ಕೈಯಿಂದ ಪೇಪರು ಜಾರಿತು.  ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಬಾಗಿಲು ಸರಿಸಿಕೊಂಡು ನೀಲವ್ವ ಬಂದಳು. ಇವತ್ತು ಬಹಳ ಚೆನ್ನಾಗಿ ಓದಿದ ಎಂದೆ. ಬೇರೇನು ಹೇಳಬೇಕೋ ತೋಚಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು.

“ಏನ್ ಓದತಾನರಿ? ಗಂಟಲಾ ಕಟ್ಟಿ ನಾಕ ದಿನ ಆತು, ಡಾಕ್ಟರು ಪಿಟ್ಟನ್ನಬ್ಯಾಡ ಅಂದಾರ. ಪುಸ್ತಕ ತೆರಕೊಂಡು ಸುಮ್ಮನ ಕುಂತಾನ. ಎದ್ದು ಹೋಗಾಕ ನೋಡಿದರ ಕೈ ಮಾಡಿ ಕುಂಡರಿಸಾಕತ್ತಾನ. ಯಾರ ಹಾದಿ ಕಾಯತಾನೋ ಏನೋ. ನಾ ಹಾಲ ಉಕ್ಕತೈತಿ ಅಂತ ಸುಳ್ಳ ಹೇಳಿ ಬಂದೆ.”

ನಾನು ಬನಿಯನ್ನಿನಲ್ಲೇ ಎದ್ದು ಹೋದೆ. ಮೂವತ್ತು ಜನ ಕೂತಿದ್ದರು. ಈರಣ್ಣ ಕೊರಳಿಗೆ ಮಫ್ಲರು ಸುತ್ತಿಕೊಂಡು ಬಾಗಿಲ ಕಡೆಗೇ ನೋಡುತ್ತಿದ್ದ. ಹೊಸ್ತಿಲಲ್ಲೇ ನಿಂತು, “ಹುಡುಗಿ ಬೀಗತನ ಮುರದಾಂವ ನಾನ. ಈರಣ್ಣನ ಕಂಡರ ನನಗ ಹೊಟ್ಟಿಕಿಚ್ಚು” ಎಂದೆ. ಈರಣ್ಣ ಪುಸ್ತಕ ಮುಚ್ಚಿ ಎದ್ದು ಒಳಗೆ ಹೋದ. ಉಳಿದವರೂ ಒಬ್ಬೊಬ್ಬರಾಗಿ ಎದ್ದರು.

ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಹೋದದ್ದನ್ನು ಹಿಡಿದು ತರಲು ಭಾನುವಾರ ಮೊದಲ ಬಸ್ಸಿಗೆ ಮುಂಡರಗಿಗೆ ಹೋದೆ. ಬಸವಂತಪ್ಪನವರು ಸುಮ್ಮನೆ ಬಿಡಲಿಲ್ಲ. ನಾಲ್ಕು ಹಿರಿಯರನ್ನು ಕರೆಸಿ, ಅವರೆದುರು ಇನ್ನೊಮ್ಮೆ ಹೇಳಿಸಿದರು. ಹೇಳಿದೆ. ಇಷ್ಟು ವಯಸ್ಸಾಗಿ ಇಂಥ ಬುದ್ಧಿಯೇ ಎಂದು ಒಬ್ಬರು ಮುಖದ ಮೇಲೆಯೇ ಅಂದರು, ಅದನ್ನೂ ಕೇಳಿಸಿಕೊಂಡೆ. ದೀಪಾವಳಿ ಕಳೆದ ಮೇಲೆ ಸುಮಾಳ ಮದುವೆಯಾಯಿತು.

ಈರಣ್ಣನಿಗೆ ದನಿ ಬಂದದ್ದು ಮುಂದಿನ ವಾರ. ಅವನು ಕಟ್ಟೆಯ ಮೇಲಿದ್ದಾಗ ಹೋಗಿ ಪಕ್ಕದಲ್ಲಿ ಕೂತು, ಆ ಶನಿವಾರದ ಪಾಲು ಯಾವುದೆಂದು ಕೇಳಿದೆ. ಅವನು ಹೇಳಿದ್ದು ನಾನು ಕೇಳಿದ್ದ ಕಥೆಯನ್ನೇ: ಅಕ್ಕ, ಅಣ್ಣ, ಬೆಳ್ಳಗಾದ ಮೈ, ಕಾದ ಜನ. ಹಿಂದಿನ ವರ್ಷ ಕಿಂಡಿಯಿಂದ ಕೇಳಿ ಮರೆತಿದ್ದೆನೋ ಎಂದು ಯೋಚಿಸಿ ನೋಡಿದ್ದೇನೆ. ಹಿಂದಿನ ವರ್ಷ ಆ ಹೊತ್ತಿಗೆ ಅವನು ಮುಂಬೈಯಲ್ಲಿದ್ದ. ಸಾಹೇಬರು ಇನ್ನೂ ಬದುಕಿದ್ದರು. ಮನಸ್ಸಿನ ಅಳುಕೇ ದನಿಯಾಗಿ ಕೇಳಿತು ಎನ್ನಬಹುದು. ಅಳುಕಿಗೆ ನಾನು ಓದದ ಪುಸ್ತಕದ ಕಥೆ ಹೇಗೆ ತಿಳಿಯಿತು? ಯಾರಾದರೂ ಬಿಡಿಸಿ ಹೇಳಿದರೆ ಇವತ್ತೂ ಒಪ್ಪಿಕೊಳ್ಳುತ್ತೇನೆ.

ಕಡೆಗೆ ನಾನು ಕೇಳಿದ್ದನ್ನೆಲ್ಲ ಅವನಿಗೆ ಹೇಳಿದೆ. ನನ್ನ ಬಗ್ಗೆ ಅಷ್ಟು ದೊಡ್ಡ ಮನಸ್ಸು ಮಾಡಿ ಕಾದೆಯಲ್ಲ ಎಂದೆ.

ಈರಣ್ಣ, “ದೊಡ್ಡ ಮನಸ್ಸೂ ಇಲ್ಲ, ಎಂತಾದ್ದೂ ಇಲ್ಲ, ಅಣ್ಣಾ. ನೀನ ಮುರದಿ ಅಂತ ಶುಕ್ರವಾರನ ತಿಳದಿತ್ತು. ಅದನ್ನ ಹಾಳ್ಯಾಗ ಬರದು ಎಲ್ಲಾರಿಗೂ ಓದಿಸಿ ನಿನ್ನ ಮಾನಾ ಕಳೀಬೇಕಂತನ ಮಂದೀನ ಕುಂಡರಿಸಿದ್ದೆ. ಬರಿಯಾಕ ಕೈ ಏಳವಲ್ದಾತು. ನಾ ನಿನ್ನ ಕರೀಲಿಲ್ಲ” ಎಂದ.

ಮತ್ತೆ ದನಿ ಹೇಗಿತ್ತು ಎಂದು ಕೇಳಿದ. ಹೇಳಿದೆ. ಯಾವ ಮಾತಿಗೆ ನಿಂತಿತು, ಎಷ್ಟು ಹತ್ತಿರವಿತ್ತು ಎಂದು ಮತ್ತೆ ಮತ್ತೆ ಕೇಳಿದ. ಅದಕ್ಕೂ ಹೇಳಿದೆ.

“ಹನ್ನೊಂದ ವರ್ಷ ಮುಂಬಯ್ಯಾಗ ಓದಿದೆ, ಇಲ್ಲೆ ಬಂದೂ ಓದಾಕತ್ತೇನಿ” ಎಂದ. “ಒಂದ ದಿನಾನೂ ನನಗ ಕೇಳಿಲ್ಲ. ನಿನಗ ಕೇಳ್ತು.”

ಹಾಗೆನ್ನುತ್ತ ಅವನು ನನ್ನತ್ತ ತಿರುಗಿ ನೋಡಿದ. ಆ ನೋಟ ಯಾವುದೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಇಷ್ಟು ತಿಂಗಳು ಗೋಡೆಯ ಈ ಕಡೆ ಕೂತು ನಾನು ಅವನತ್ತ ನೋಡುತ್ತಿದ್ದದ್ದು ಹಾಗೆಯೇ.