ಅತ್ತೆಯ ಮಾತಿದ್ದ ಬಾಕ್ಸ್

ಹುಕ್ಕೇರಿಯ ನಮ್ಮ ಓಣಿಯಲ್ಲಿ ಸಂಜೆಯ ಧಾರಾವಾಹಿಯನ್ನು ನೆಮ್ಮದಿಯಿಂದ ಕೊನೆಯವರೆಗೂ ನೋಡುತ್ತಿದ್ದವರು ನಮ್ಮ ಅತ್ತೆ ಒಬ್ಬರೇ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಉಳಿದ ಮನೆಗಳ ಹೆಂಗಸರು ರೊಟ್ಟಿ ಬಡಿಯುತ್ತಿರುವಾಗ ಅತ್ತೆ ಟಿವಿಯ ಮುಂದೆ ಕಾಲು ಚಾಚಿ ಕೂತಿರುತ್ತಿದ್ದರು. ನೋಡುತ್ತಿದ್ದುದು ಮರಾಠಿ ಧಾರಾವಾಹಿ. ಮರುದಿನ ಹೆಂಗಸರೆಲ್ಲ ನಮ್ಮ ಕಟ್ಟೆಗೆ ಬಂದು ಕೂತರೆ ಅತ್ತೆ ಆ ಕಥೆಯನ್ನು ಕನ್ನಡದಲ್ಲಿ ಹೇಳುವರು. ಇಲ್ಲದ ಜಗಳಗಳನ್ನೂ ಸೇರಿಸಿ ಹೇಳುತ್ತಾರೆಂಬ ಗುಮಾನಿ ನನಗಿತ್ತು.

ಅತ್ತೆ ಕೊಲ್ಲಾಪುರದ ಕಡೆಯವರು. ಈ ಮನೆಯಲ್ಲಿ ಅವರೊಡನೆ ಮರಾಠಿಯಲ್ಲಿ ಹರಟುತ್ತಿದ್ದವರು ಮಾವ. ಮಾವ ತೀರಿಕೊಂಡ ಮೇಲೆ ಆ ಮಾತು ಟಿವಿಯಲ್ಲಷ್ಟೇ ಉಳಿಯಿತು. ನನ್ನ ಯಜಮಾನರಿಗೆ ವ್ಯಾಪಾರಕ್ಕೆ ಬೇಕಾದಷ್ಟು ಮರಾಠಿ ಬರುತ್ತದೆ. ನಾನು ಮೂಡಲಗಿಯ ಅಪ್ಪಟ ಕನ್ನಡದವಳು, ನನಗೆ ಅದೂ ಇಲ್ಲ.

ಎಚ್‌ಡಿ ಎಂಬ ಮಾತು ನಮ್ಮ ಕಡೆ ಕಾಲಿಟ್ಟದ್ದು ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ. ಕೇಬಲ್ ದಿನಾ ಕೈಕೊಡುತ್ತಿತ್ತು. ಯಜಮಾನರಿಗೆ ಕ್ರಿಕೆಟ್ ಹುಚ್ಚು. ಕೇಬಲ್ ಕಿತ್ತುಹಾಕಿ, ಹೊಸ ಟಿವಿಯ ಜೊತೆ ಡಿಶ್‌ನ ಎಚ್‌ಡಿ ಬಾಕ್ಸನ್ನೇ ತರೋಣ ಎಂದು ಪಟ್ಟು ಹಿಡಿದರು. ಮೂವರೂ ಗೋಕಾಕಕ್ಕೆ ಹೋದೆವು.

ಅಂಗಡಿಯ ಗೋಡೆಯ ಮೇಲಿನ ದೊಡ್ಡ ಟಿವಿಯಲ್ಲಿ ಬಣ್ಣಬಣ್ಣದ ಮೀನುಗಳು ಈಜುತ್ತಿದ್ದವು. ಯಜಮಾನರು ಬಾಯಿ ತೆರೆದು ನಿಂತುಬಿಟ್ಟರು.

“ಹೆಂಗ ಕಾಣಾಕತ್ತೈತ್ರಿ ಅವ್ವಾರ?” ಅಂಗಡಿಯವನು ಅತ್ತೆಯನ್ನು ಕೇಳಿದ.

“ಭಾಳ ಚಂದ ಐತಪಾ. ಆದ್ರ ಇದರಾಗ ಯಾರೂ ಮಾತಾಡವಲ್ರು.”

ಅವನು ನಕ್ಕ. ನನಗೆ ನಗು ಬರಲಿಲ್ಲ.

“ಮರಾಠಿ ಬರತೈತೇನ್ರಿ ಇದರಾಗ?” ಎಂದೆ.

“ನೀವು ಕನ್ನಡದವರಲ್ರಿ ಅಕ್ಕಾರ? ನಿಮಗ ಸೌತ್ ಪ್ಯಾಕ್ ಹಾಕಿ ಕೊಡ್ತೀನಿ. ಕನ್ನಡ, ತಮಿಳು, ತೆಲುಗು, ಮಲಯಾಳಂ, ಎಲ್ಲಾ ಬರತಾವ್ರಿ. ಮರಾಠಿ ಒಂದ ಬರಂಗಿಲ್ರಿ.”

ಸಿಟ್ಟು ನೆತ್ತಿಗೇರಿತು. ಕೊಲ್ಲಾಪುರದ ಮಗ್ಗುಲಲ್ಲಿರುವ ನಮಗೆ ಮಲಯಾಳಂ ಕೊಟ್ಟು ಮರಾಠಿ ಕಿತ್ತುಕೊಳ್ಳುವ ಈ ಬುದ್ಧಿವಂತಿಕೆ ಎಲ್ಲಿ ಕೂತವರದೋ! ಕನ್ನಡ, ಮರಾಠಿ ಎರಡೂ ಬೇಕೆಂದರೆ ಬೇರೊಂದು ಕಂಪನಿಯ ಬಾಕ್ಸ್ ಇತ್ತು. ಆದರೆ ಅದು ಸಾದಾ ಬಾಕ್ಸು, ಎಚ್‌ಡಿ ಅಲ್ಲ.

“ಅವ್ವಾ, ಏನಂತೀ?” ಯಜಮಾನರು ಕೇಳಿದರು.

“ನಿಮಗ ಬೇಕಾದ್ದ ತಗೋರಿ. ನಂದೇನೈತಿ.” ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ ಬಾಗಿಲ ಕಡೆ ತಿರುಗಿದರು.

“ಸಾದಾದ್ದ ಕೊಡ್ರಿ,” ಎಂದೆ.

ಯಜಮಾನರು ನನ್ನತ್ತ ಕಣ್ಣು ಬಿಟ್ಟರು. “ಮಂದಿ ಎಲ್ಲಾ ಎಚ್‌ಡಿ ಹಾಕಸಾಕತ್ತಾರ!”

“ಚೆಂಡು ಸಾದಾದ್ರಾಗೂ ಕಾಣತೈತ್ರಿ. ಅತ್ತಿಯವರ ಮಾತು ಎಚ್‌ಡಿಯಾಗ ಕೇಳಸಂಗಿಲ್ಲ.”

ಹುಕ್ಕೇರಿ ಬರುವವರೆಗೂ ಅವರ ಮುಖ ಊದಿಕೊಂಡೇ ಇತ್ತು. ಇರಲಿ ಎಂದು ನಾನೂ ಕಿಟಕಿಯಾಚೆ ನೋಡುತ್ತ ಕೂತೆ. ಮಾಳಿಗೆಯ ಮೇಲೆ ಡಿಶ್ ಕೂರಿಸಿ, ಅತ್ತ ಇತ್ತ ತಿರುಗಿಸಿ, ಕೊನೆಗೆ ಟಿವಿಯಲ್ಲಿ ಯಾರೋ ಮರಾಠಿಯಲ್ಲಿ ಬೈದಾಡುವುದು ಕೇಳಿಸಿದಾಗ ಅತ್ತೆ ಅಡುಗೆಮನೆಯಿಂದ ಓಡೋಡಿ ಬಂದರು.

ಮರುದಿನ ಕಟ್ಟೆಗೆ ಬಂದ ಬಾಜೂ ಮನೆಯಾಕೆ ಬಿಂಕದಿಂದಲೇ ಕೇಳಿದಳು. ಅವರ ಮನೆಗೆ ಅದೇ ವಾರ ಎಚ್‌ಡಿ ಬಂದಿತ್ತು.

“ಗೋಕಾಕತನಕಾ ಹೋಗಿ ಸಾದಾ ಬಾಕ್ಸ್ ತಂದ್ರೇನ್ರಿ ಆಯಿ?”

ನಾನು ಒಂದು ಖಾರದ ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಅತ್ತೆಯೇ ಬಾಯಿ ಹಾಕಿದರು. ಮಂದಿಯ ಮುಂದೆ ಸೊಸೆಯನ್ನು ಹೊಗಳುವ ಜಾಯಮಾನವೇ ಅವರದಲ್ಲ.

“ನಿಮ್ಮ ಮನಿಗೆ ಚಂದ ಚಂದ ಚಿತ್ರ ಬಂದಾವ ಬಿಡವಾ. ನಮ್ಮ ಸೊಸಿ ನನ್ನ ತವರಮನೀನ ಹೊತಗೊಂಡು ಬಂದಾಳ.”

ನನ್ನ ಎದೆ ಹೆಮ್ಮೆಯಿಂದ ಉಬ್ಬಿತು. ಚಹಾ ಮಾಡಲು ಒಳಗೆ ಹೋದವಳು ಬಾಗಿಲ ಮರೆಯಲ್ಲೇ ನಿಂತು, ಇನ್ನೊಮ್ಮೆ ಹೇಳುತ್ತಾರೇನೋ ಎಂದು ಕಾದೆ.