ಪಕ್ಕದ ಮೇಜಿನ ಮುನ್ಷಿ

ಸೇಡಂ ತಹಸೀಲ್ ಕಚೇರಿಯಲ್ಲಿ ಅವನ ಮೇಜು ನನ್ನ ಮೇಜಿಗೆ ಅಂಟಿಕೊಂಡೇ ಇತ್ತು. ಇಬ್ಬರೂ ಒಂದೇ ದಿನ ನೌಕರಿಗೆ ಸೇರಿದ ಗುಮಾಸ್ತರು. ಆದರೆ ನಮ್ಮ ಕಡೆಯ ಹೊಲಗಳ ಹಳೆಯ ದಾಖಲೆಗಳು ನಿಜಾಮರ ಕಾಲದವು, ಉರ್ದುವಿನಲ್ಲಿವೆ; ಅದನ್ನು ಓದಬಲ್ಲವನು ಕಚೇರಿಗೆಲ್ಲ ಅವನೊಬ್ಬನೇ. ಬಂದವರು ನನ್ನನ್ನು ಕೇಳುತ್ತಿದ್ದುದು ಒಂದೇ ಮಾತು: "ಮುನ್ಷಿ ಸಾಹೇಬ್ರು ಎಲ್ಲಿ ಹೋಗ್ಯಾರ್ರಿ?" ನಾನೇನು ಬಾಗಿಲು ಕಾಯುವವನೇ?

ಚಿಂಚೋಳಿ ಕಡೆಯ ರೈತರು ಪ್ರೀತಿಯಿಂದ ಸುಟ್ಟ ಎಳೆಜೋಳದ ಬಿಸಿ ಸೀತನಿ ತಂದುಕೊಟ್ಟರೆ ಅವನು ಅರ್ಧ ನನ್ನ ಕಡೆ ಸರಿಸುತ್ತಿದ್ದ. ಸುಳ್ಳು ಯಾಕೆ ಹೇಳಲಿ, ತಿನ್ನುತ್ತಿದ್ದೆ. ತಿಂದು ಇನ್ನಷ್ಟು ಉರಿಯುತ್ತಿದ್ದೆ.

ಒಂದು ಮಧ್ಯಾಹ್ನ ಮಳಖೇಡದ ಮುದುಕಿಯೊಬ್ಬಳು ಹಳದಿ ಬಣ್ಣಕ್ಕೆ ತಿರುಗಿದ ಕಾಗದ ಹಿಡಿದು ಬಂದಳು. ಅದರಲ್ಲಿ ಮಾವನ ಹೆಸರಿದ್ದರೆ ಹೊಲ ಅವಳಿಗೆ ಉಳಿಯುತ್ತಿತ್ತು. ಅವನು ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ.

"ಅವರು ರಜಾ ಮ್ಯಾಲ ಹೋಗ್ಯಾರ ಯವ್ವಾ. ಮುಂದಿನ ವಾರ ಬಾ" ಅಂದುಬಿಟ್ಟೆ.

"ನಾಳಿನೇ ಕೋರ್ಟಿನ ತಾರೀಖು ಅದರಿ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟಳು. ಮೆಟ್ಟಿಲ ಮೇಲೆ ಅವನೇ ಎದುರಾದ. ವಾಪಸ್ ಕರೆತಂದು, ನನ್ನೆದುರೇ ಕೂರಿಸಿ, ಓದಿ, ಕನ್ನಡದಲ್ಲಿ ಬರೆದುಕೊಟ್ಟ. ಮಾವನ ಹೆಸರಿತ್ತು.

ಅವಳು ಹೋದ ಮೇಲೆ ಅವನು ಕುರ್ಚಿಯನ್ನು ನನ್ನ ಕಡೆಗೆ ಎಳೆದುಕೊಂಡ. ಬೈಗುಳಕ್ಕೆ ಸಿದ್ಧನಾಗಿ ಕುಳಿತೆ.

"ನಂಗ ಚಿತ್ತಾಪುರಕ್ಕ ಬದಲಿ ಆಗ್ಯಾದ. ಇನ್ನ ಈ ಕಾಗದಾ ಯಾರು ಓದ್ತಾರ ಅಂತ ತಹಸೀಲ್ದಾರರು ಕೇಳಿದ್ರು. ನಿನ್ನೆನೇ ನಿನ್ನ ಹೆಸರು ಹೇಳಿ ಬಂದೀನಿ. ಕುಂದ್ರು, ಉರ್ದು ಅಲಿಫ್‌ನಿಂದ ಕಲಿಸ್ತೀನಿ."

ಬೈದಿದ್ದರೆ ಹಗುರಾಗುತ್ತಿದ್ದೆ. ಹೋಗುವ ದಿನದ ತನಕ ಬೆರಳಿಟ್ಟು ಕಲಿಸಿದ. ನಾನು ಹಲ್ಲು ಕಚ್ಚಿ ಕಲಿತೆ. ಆಮೇಲೆ ಜನ ನನ್ನ ಮೇಜಿಗೇ ಬರತೊಡಗಿದರು. ಒಂದು ತಿಂಗಳು ಎದೆಯುಬ್ಬಿಸಿಕೊಂಡು ಓಡಾಡಿದೆ.

ಒಂದು ದಿನ ವಾಡಿಯಿಂದ ಒಬ್ಬಾತ ಬಂದ. ವಾಡಿ ಎಲ್ಲಿ, ಸೇಡಂ ಎಲ್ಲಿ? ಹತ್ತಿರದ ಚಿತ್ತಾಪುರ ಬಿಟ್ಟು ಇಷ್ಟು ದೂರ ಯಾಕೆ ಬಂದೆ ಎಂದು ಕೇಳಿದೆ.

"ಅಲ್ಲಿ ಮುನ್ಷಿ ಸಾಹೇಬ್ರು ಓದ್ಯಾರ್ರಿ. ಆದ್ರ ಒಂದ್ಸಲ ನಿಮಗೂ ತೋರಿಸು ಅಂದ್ರು. ನೀವು ಅವರಕಿಂತ ಭಾಳ ಛಲೋ ಓದ್ತೀರಂತ."

ಶುದ್ಧ ಸುಳ್ಳು. ಅಂಥ ಸುಳ್ಳು ಹೇಳುವ ಮನಸ್ಸು ನನಗೆ ಬರಲಿಲ್ಲವಲ್ಲ ಎಂದು ಇವತ್ತಿಗೂ ಅವನ ಮೇಲೆ ಹೊಟ್ಟೆ ಉರಿಯುತ್ತದೆ.